ಆಕ್ಷೇಪಣೆ ಏನಿಲ್ಲ ಸ್ವಾಮಿ

ನಮ್ಮೂರಿಗೆ ಯಾವುದೂ ತಾನಾಗಿ ಬಂದದ್ದಿಲ್ಲ. ಎಲ್ಲವನ್ನೂ ಯಾರೋ ಒಬ್ಬರು ‘ಕೊಡಿಸಿ’ದ್ದಾರೆ. ನಲ್ಲಿ ನೀರು ಸಾಹೇಬ್ರು ಕೊಡಿಸಿದ್ದು, ರೇಷನ್ ಕಾರ್ಡು ಸಾಹೇಬ್ರು ಕೊಡಿಸಿದ್ದು, ವಿಧವಾ ವೇತನ ಸಾಹೇಬ್ರು ಕೊಡಿಸಿದ್ದು. ಬಿಡದಿಯಿಂದ ಬೆಳಗ್ಗೆ ಒಂದು, ಸಂಜೆ ಒಂದು ಸರ್ಕಾರಿ ಬಸ್ಸು ಬರುತ್ತಿತ್ತು. ಅದನ್ನೂ ಅವರೇ ‘ಬಿಡಿಸಿ’ದ್ದು. ಒಂದು ವರ್ಷ ಮಳೆ ಚೆನ್ನಾಗಿ ಆದಾಗ ಅದಕ್ಕೂ ಎಲ್ಲಿ ಒಂದು ಬ್ಯಾನರ್ ಕಟ್ಟಿಬಿಡುತ್ತಾರೋ ಎಂದು ನಾನು ಹೆದರಿದ್ದೆ. ಸಾಹೇಬ್ರು ಎಂದರೆ ಆಗಿನ ನಮ್ಮ ಭಾಗದ ಮುಖಂಡರು. ಅವರ ಹೆಸರು ಇಲ್ಲಿ ಬೇಡ. ಅವರ ಜಾಗದಲ್ಲಿ ಇನ್ಯಾರೇ ಇದ್ದಿದ್ದರೂ ನಾನು ಹೇಳಹೊರಟಿರುವುದರಲ್ಲಿ ಒಂದಕ್ಷರವೂ ಬದಲಾಗುತ್ತಿರಲಿಲ್ಲ.

ನಾನು ಚನ್ನಪಟ್ಟಣದ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠದ ಮೇಷ್ಟ್ರಾಗಿದ್ದೆ. ವರ್ಷಕ್ಕೊಂದು ಸಲ ಸಂವಿಧಾನದ ಪಾಠ ಬರುತ್ತಿತ್ತು. “ಹಕ್ಕು ಅಂದರೆ ಯಾರೂ ಕೊಡಿಸುವುದಲ್ಲ, ಅದು ನಿಮ್ಮದೇ” ಎಂದು ಮೇಜು ಗುದ್ದಿ ಹೇಳುತ್ತಿದ್ದೆ. ಆಸ್ತಿಯ ಹಕ್ಕು ಈಗ ಮೂಲಭೂತ ಹಕ್ಕಲ್ಲ, ಆದರೂ ಸಂವಿಧಾನದ ಹಕ್ಕು. ಕಾನೂನಿನ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ. ಇದು ಎರಡು ಅಂಕದ ಪ್ರಶ್ನೆ. ಎಷ್ಟು ಸಲ ಈ ಉತ್ತರಕ್ಕೆ ಕೆಂಪು ಇಂಕಿನಲ್ಲಿ ಸರಿ ಗುರುತು ಹಾಕಿದ್ದೇನೋ ಲೆಕ್ಕವಿಲ್ಲ. ಮನೆ ಮಾಡಿಕೊಂಡಿದ್ದು ರಾಮನಗರದಲ್ಲಿ, ಹುಟ್ಟಿದೂರು ಬಿಡದಿಯಿಂದ ಒಳಗೆ. ಭಾನುವಾರ ತಪ್ಪದೆ ಊರಿಗೆ ಹೋಗುತ್ತಿದ್ದೆ.

ಊರಲ್ಲಿ ನನಗಿದ್ದವಳು ಚಿಕ್ಕವ್ವ, ತೀರಿಹೋದ ಚಿಕ್ಕಪ್ಪನ ಹೆಂಡತಿ. ಅವಳದು ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ಒಂದು ಬಾವಿ, ರೇಷ್ಮೆ ಹುಳ ಸಾಕುವ ಹಂಚಿನ ಮನೆ. ಚಿಕ್ಕಪ್ಪ ಸತ್ತ ಮೇಲೆ ಪಹಣಿ ತನ್ನ ಹೆಸರಿಗೇ ಆಗಬೇಕೆಂದು ತಾಲ್ಲೂಕು ಕಚೇರಿಗೆ ಎರಡು ವರ್ಷ ಅಲೆದಿದ್ದಳು. ಯಾರ ಕೈಲೂ ಹೇಳಿಸಿರಲಿಲ್ಲ, ಯಾರ ಮನೆ ಬಾಗಿಲಲ್ಲೂ ನಿಂತಿರಲಿಲ್ಲ. ಅವಳಿಗೆ ಓದಲು ಬರುತ್ತಿರಲಿಲ್ಲ, ಆದರೆ ಆ ಪಹಣಿಯಲ್ಲಿ ತನ್ನ ಹೆಸರು ಎಷ್ಟನೇ ಸಾಲಿನಲ್ಲಿದೆ ಎಂದು ಬೆರಳಿಟ್ಟು ತೋರಿಸುತ್ತಿದ್ದಳು. “ತೌರ್ಮನೆ ನಮ್ಮಣ್ಣಂದು, ಈ ಮನೆ ನಿಮ್ಮ ಚಿಕ್ಕಪ್ಪಂದು. ತೋಟ ಒಂದೇ ಕಣಪ್ಪ ನಂದು” ಎನ್ನುತ್ತಿದ್ದಳು.

ಎರಡು ಸಾವಿರದ ಇಸವಿ ದಾಟಿ ನಾಲ್ಕಾರು ವರ್ಷ ಆಗಿತ್ತು. ಬಿಡದಿಯ ಕಾರ್ಖಾನೆಗಳ ಕಾಂಪೌಂಡು ಒಂದೊಂದಾಗಿ ನಮ್ಮ ಕಡೆಗೆ ಸರಿಯುತ್ತಾ ಬರುತ್ತಿತ್ತು. ಒಂದು ಭಾನುವಾರ ನಾನು ಬಸ್ಸಿಳಿಯುವುದಕ್ಕೂ ಚಿಕ್ಕವ್ವ ಹಾಲಿನ ಡೈರಿಯ ಮುಂದೆ ಒಂದು ಕಾಗದ ಹಿಡಿದು ನಿಂತಿರುವುದಕ್ಕೂ ಸರಿಹೋಯಿತು. ಸುತ್ತ ಹತ್ತಿಪ್ಪತ್ತು ಜನ, ಎಲ್ಲರ ಕೈಯಲ್ಲೂ ಅದೇ ಕಾಗದ. ಕೈಗಾರಿಕಾ ಪ್ರದೇಶದ ವಿಸ್ತರಣೆಗೆ ನಮ್ಮೂರಿನ ಜಮೀನು ಬೇಕಾಗಿದೆ, ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ಲಿಖಿತವಾಗಿ ಸಲ್ಲಿಸಬಹುದು ಎಂಬ ನೋಟೀಸು. ನಾನು ಡೈರಿ ಜಗಲಿ ಮೇಲೆ ನಿಂತು ಗಟ್ಟಿಯಾಗಿ ಓದಿದೆ.

“ಅಂಗಾರೆ ಜಮೀನು ಹೋಯ್ತು ಅನ್ನು” ಎಂದರು ಊರಿನ ಯಜಮಾನರು. ಮದುವೆ, ನ್ಯಾಯ, ಹಬ್ಬ, ಯಾವುದಕ್ಕೂ ಅವರ ಮಾತೇ ಕಡೆಯ ಮಾತು.

“ಇನ್ನೂ ಹೋಗಿಲ್ಲ. ಬೇಡ ಅನ್ನೋರು ಮೂವತ್ತು ದಿನದೊಳಗೆ ಆಕ್ಷೇಪಣೆ ಹಾಕಬೇಕು. ಹಾಕಿದ್ರೆ ಕರೆದು ಕೇಳಲೇಬೇಕು. ಅದು ಕಾನೂನು” ಎಂದೆ.

“ಕೇಳಲೇಬೇಕು ಅಂದ್ರೆ? ಸರ್ಕಾರದೋರು ಕಣ್ಲಾ ಅವ್ರು! ನೀನು ಬಲವಂತ ಮಾಡೀಯಾ?”

“ಬಲವಂತ ಅಲ್ಲ, ನಮ್ಮ ಹಕ್ಕು.”

“ಹಕ್ಕಂತೆ!” ಎಂದು ಯಾರೋ ಹಿಂದಿನಿಂದ ನಕ್ಕರು. ಎಲ್ಲರೂ ನಕ್ಕರು. ಚಿಕ್ಕವ್ವ ಮಾತ್ರ ನಗಲಿಲ್ಲ. “ನಂದು ಹಾಕು ಮೊದ್ಲು” ಎಂದಳು.

ಎಲ್ಲರಿಗೂ ಜಮೀನು ಉಳಿಸಿಕೊಳ್ಳುವ ಆಸೆ ಇತ್ತೆಂದು ನಾನು ಸುಳ್ಳು ಹೇಳುವುದಿಲ್ಲ. ಕಾರ್ಖಾನೆ ಬಂದರೆ ಮಕ್ಕಳಿಗೆ ಕೆಲಸ ಸಿಗುತ್ತದೆ ಎಂದು ಕಾಯುತ್ತಿದ್ದವರೂ ಇದ್ದರು. ಅವರು ಕೊಡಲಿ, ಬೇಡ ಅಂದವರು ಯಾರು? ಆದರೆ ಮುಕ್ಕಾಲು ಪಾಲು ಜನಕ್ಕೆ ಕೊಡಲು ಇಷ್ಟವಿರಲಿಲ್ಲ. ಡೈರಿಯ ಮುಂದೆ, ಬಾವಿಯ ಹತ್ತಿರ, ಬಸ್ಸಿನಲ್ಲಿ, ಎಲ್ಲಿ ಸಿಕ್ಕರೂ ಅದನ್ನೇ ಹೇಳುತ್ತಿದ್ದರು. ಬರೆದು ಕೊಡಿ ಎಂದ ಕೂಡಲೇ ಬಾಯಿಗೆ ಬೀಗ ಬೀಳುತ್ತಿತ್ತು.

ಆದರೂ ಮುಂದಿನ ಭಾನುವಾರ ಕೂತು ಬರೆದೆ. ‘ವಿಷಯ: ಜಮೀನು ಸ್ವಾಧೀನಕ್ಕೆ ಆಕ್ಷೇಪಣೆ.’ ಕೆಳಗೆ ಎಲ್ಲರ ಸರ್ವೆ ನಂಬರು, ಬೆಳೆ, ಬಾವಿ, ಕಾರಣ. ಯಜಮಾನರು ಕನ್ನಡಕ ಏರಿಸಿಕೊಂಡು ಮೊದಲ ಸಾಲಿನ ಮೇಲೇ ಬೆರಳಿಟ್ಟರು.

“ಈ ಪದ ಒಸಿ ಒರಟಾಯ್ತು ಮೇಷ್ಟ್ರೇ.”

“ಯಾವ ಪದ?”

“ಆಕ್ಷೇಪಣೆ. ಫ್ಯಾಕ್ಟ್ರಿ ತತ್ತಿರೋರು ಸಾಹೇಬ್ರು. ನಾವು ಆಕ್ಷೇಪಣೆ ಅಂದ್ಬುಟ್ರೆ ಅವ್ರ ಮಕಕ್ಕೆ ಹೊಡ್ದಂಗಾಗಕಿಲ್ವಾ?”

ಇದನ್ನು ಹೊರಗಿನವರಿಗೆ ಬಿಡಿಸಿ ಹೇಳಬೇಕು. ನಮ್ಮೂರಲ್ಲಿ ಆ ಪದ ಬಳಕೆಯಾಗುವುದು ಒಂದೇ ಕಡೆ. ಹೆಣ್ಣು ಗಂಡಿನ ಒಪ್ಪಂದವಾಗಿ ವೀಳ್ಯ ಬದಲಾಯಿಸುವ ದಿನ ಯಜಮಾನರು ಎದ್ದು ನಿಂತು, “ಯಾರ್ದಾದ್ರೂ ಆಕ್ಷೇಪಣೆ ಐತಾ?” ಎಂದು ಕೇಳುತ್ತಾರೆ. ಕೂತವರೆಲ್ಲ ಒಂದೇ ಉಸಿರಿಗೆ “ಏನಿಲ್ಲ ಸ್ವಾಮಿ” ಎನ್ನಬೇಕು. ಅನ್ನುತ್ತಾರೆ. ನಾನು ಕಂಡಂತೆ ಒಬ್ಬನೂ ಒಂದು ಸಲವೂ ‘ಐತೆ’ ಅಂದವನಿಲ್ಲ. ಅಂದರೆ ಅವನು ಸಂಬಂಧ ಕೆಡಿಸಲು ಬಂದವನು, ಅವನ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲ. ಆಕ್ಷೇಪಣೆ ಕೇಳುವುದೇ ‘ಇಲ್ಲ’ ಎನ್ನಿಸಿಕೊಳ್ಳುವುದಕ್ಕೆ. ಅಂಥ ಪದವನ್ನು ನಾನು ಹಾಳೆಯ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದೆ!

ಕಾನೂನಿನಲ್ಲಿ ಅದಕ್ಕೆ ಬೇರೆ ಅರ್ಥ ಇದೆ ಎಂದು ಗಂಟಲು ಹರಿಯುವ ಹಾಗೆ ಹೇಳಿದೆ. ಕೇಳುವವರು ಯಾರು? ಸಾಹೇಬರನ್ನು ಒಂದು ಮಾತು ಕೇಳಿಬಿಡೋಣ ಎಂದು ತೀರ್ಮಾನವಾಯಿತು. ಸಾಹೇಬ್ರು ಊರಲ್ಲಿಲ್ಲ. ಮರುವಾರ ಸಾಹೇಬ್ರು ಕನಕಪುರದ ಕಡೆ ಯಾರದೋ ಮದುವೆಗೆ ಹೋದರು. ಅದರ ಮರುವಾರ ಅಮಾವಾಸ್ಯೆ ಅಡ್ಡ ಬಂತು. ಮೂವತ್ತು ದಿನದಲ್ಲಿ ಇಪ್ಪತ್ತೈದು ಹೀಗೇ ಹೋದವು. ನಾನು ಪ್ರತಿ ವಾರ ಬಂದು ತಲೆ ಚಚ್ಚಿಕೊಂಡು ಹೋಗುತ್ತಿದ್ದೆ.

ಕಡೆಗೂ ಒಂದು ಟೆಂಪೋದಲ್ಲಿ ಹೊರಟೆವು. ಜಮೀನು ಉಳಿಸಿಕೊಳ್ಳಲು ಹೊರಟ ಜನ ಶಾಲು, ಗಂಧದ ಹಾರ, ಒಂದು ಬುಟ್ಟಿ ಹಣ್ಣು ತಗೊಂಡು ಹೊರಟರು ನೋಡಿ! ಸಾಹೇಬರ ಮನೆಯಂಗಳದಲ್ಲಿ ಮೂರು ಗಂಟೆ ಕಾದೆವು. ಅವರು ಬಂದು, ಹಾರ ಹಾಕಿಸಿಕೊಂಡು, ನನ್ನ ಹಾಳೆಯ ಮೊದಲ ಸಾಲು ಓದಿ ಜೋರಾಗಿ ನಕ್ಕರು.

“ಏನ್ರಪ್ಪಾ, ನನ್ ಮೇಲೇನೇ ಆಕ್ಷೇಪಣೆನಾ?”

ಎಲ್ಲರೂ ನಾಲಿಗೆ ಕಚ್ಚಿಕೊಂಡರು. ಯಜಮಾನರಂತೂ ಎರಡೂ ಕೆನ್ನೆಗೆ ಮೆತ್ತಗೆ ಹೊಡೆದುಕೊಂಡರು. “ತಪ್ಪಾಯ್ತು ಬುದ್ಧಿ. ಮೇಷ್ಟ್ರು ಬರ್ದ್ಬುಟ್ರು, ನಮ್ಗೆ ಗೊತ್ತಾಗ್ನಿಲ್ಲ.”

“ಇರ್ಲಿ ಬಿಡಿ. ಮನವಿ ಅಂತ ಕೊಡಿ. ನಾನಿಲ್ವಾ? ನೋಡ್ಕೋತೀನಿ” ಎಂದು ಸಾಹೇಬ್ರು ಹಾಳೆಯನ್ನು ನನ್ನ ಕೈಗೇ ಕೊಟ್ಟರು. ಕೊಡುತ್ತಾ ಒಂದು ಮಾತು ಸೇರಿಸಿದರು: “ಮೇಷ್ಟ್ರಿಗೆ ಚನ್ನಪಟ್ಟಣ ಹಿಡಿಸ್ತಾ?”

ಈಗ ನನ್ನ ಬಂಡವಾಳವನ್ನೂ ಹೇಳಿಬಿಡಬೇಕು. ಐದು ವರ್ಷದ ಹಿಂದೆ ನಾನು ಪಾವಗಡದ ಕಡೆ ಒಂದು ಶಾಲೆಯಲ್ಲಿ ಕೊಳೆಯುತ್ತಿದ್ದೆ. ಚನ್ನಪಟ್ಟಣಕ್ಕೆ ನನ್ನ ವರ್ಗಾವಣೆ ಮಾಡಿಸಿಕೊಟ್ಟವರು ಇದೇ ಸಾಹೇಬ್ರು. ಸೇವಾವಧಿಯ ಪ್ರಕಾರ ಅದು ನನಗೆ ನ್ಯಾಯವಾಗಿ ಬರಬೇಕಾಗಿದ್ದ ವರ್ಗಾವಣೆ. ಆದರೂ ಅವತ್ತು ನಾನೂ ಒಂದು ಹಾರ ತಗೊಂಡು ಇದೇ ಅಂಗಳದಲ್ಲಿ ಕೈಕಟ್ಟಿ ನಿಂತಿದ್ದೆ. ಹಕ್ಕು ಯಾರೂ ಕೊಡಿಸುವುದಲ್ಲ ಎಂದು ಮಕ್ಕಳ ಮುಂದೆ ಮೇಜು ಗುದ್ದುವ ಕೆಲಸವನ್ನೇ ನನಗೆ ಇನ್ನೊಬ್ಬರು ಕೊಡಿಸಿದ್ದರು. ಥೂ, ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

“ಹಿಡಿಸಿದೆ ಸಾರ್” ಎಂದೆ. ಜೇಬಿನಿಂದ ಪೆನ್ನು ತೆಗೆದೆ. ಆಕ್ಷೇಪಣೆ ಎಂಬುದನ್ನು ಹೊಡೆದು ಹಾಕಿ ಮೇಲೆ ಮನವಿ ಎಂದು ಬರೆದೆ. ಚಿತ್ತಾದ ಹಾಳೆ ಕೊಡಬಾರದೆಂದು ಟೆಂಪೋದಲ್ಲೇ ಕೂತು ಬೇರೆ ಪ್ರತಿ ಮಾಡಿದೆ. ಆಗ ಒಳಗಿನ ಮಾತೂ ಬದಲಾಯಿತು. ‘ನಮ್ಮ ಜಮೀನನ್ನು ಸ್ವಾಧೀನದಿಂದ ಕೈಬಿಡಬೇಕು’ ಎಂದಿದ್ದದ್ದು ‘ಈ ಬಗ್ಗೆ ಸೂಕ್ತ ಕ್ರಮ ಕೈಗೊಳ್ಳಬೇಕೆಂದು ತಮ್ಮಲ್ಲಿ ವಿನಮ್ರವಾಗಿ ಕೋರುತ್ತೇವೆ’ ಎಂದಾಯಿತು. ಸೂಕ್ತ ಎನ್ನುವಷ್ಟು ಕೈಲಾಗದ ಪದ ಕನ್ನಡದಲ್ಲಿ ಇನ್ನೊಂದಿಲ್ಲ.

ಊರಿಗೆ ಬಂದು ಚಿಕ್ಕವ್ವನ ಸಹಿಗೆ ಹೋದೆ. ಸಹಿ ಒಂದನ್ನು ಕಲಿತುಕೊಂಡಿದ್ದಳು. ಹುಳ ನಾಲ್ಕನೇ ಜ್ವರ, ಅಂದರೆ ಕಡೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದಿದ್ದವು; ಆ ಹೊತ್ತಿನಲ್ಲಿ ಅವು ತಿನ್ನುವುದು ನಿಲ್ಲಿಸುವುದಿಲ್ಲ, ಸಾಕುವವರಿಗೆ ಕೂರಲು ಪುರಸೊತ್ತಿರುವುದಿಲ್ಲ. ಸೊಪ್ಪು ಹರಡುತ್ತಲೇ ಕೇಳಿಸಿಕೊಂಡಳು.

“ಮನವಿ ಅಂದ್ರೆ ಕೇಳ್ಕೊಳ್ಳೋದು ಅಲ್ವೇನಪ್ಪಾ?”

“ಹೂಂ ಚಿಕ್ಕವ್ವ.”

“ನಮ್ದ ನಾವ್ಯಾಕೆ ಕೇಳ್ಕೊಬೇಕು?”

ಇಪ್ಪತ್ತು ವರ್ಷ ಪಾಠ ಹೇಳಿದವನಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. ನಾನೇನಂದೆ ಗೊತ್ತೆ? “ನಿಂಗೆ ಇದೆಲ್ಲಾ ತಿಳಿಯಲ್ಲ, ಸುಮ್ಮನೆ ಸೈನ್ ಹಾಕು” ಅಂದೆ. ಕೈ ಒರೆಸಿಕೊಂಡು ಹಾಕಿದಳು.

ಗಡುವಿನೊಳಗೆ ಕಚೇರಿಗೆ ಮನವಿ ಕೊಟ್ಟ ಎರಡು ತಿಂಗಳಿಗೆ ವಿಚಾರಣೆಗೆ ಬನ್ನಿ ಎಂದು ಎಲ್ಲರಿಗೂ ಕಾಗದ ಬಂತು. ನಾನು ರಜೆ ಹಾಕಿ ಹೋದೆ. ಚಿಕ್ಕವ್ವ ಬೆಳಗಿನ ಸೊಪ್ಪು ಹಾಕಿ, ಒಗೆದ ಸೀರೆ ಉಟ್ಟು, ಪಹಣಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ನನ್ನ ಜೊತೆ ಬಸ್ಸು ಹತ್ತಿದಳು. ಕಚೇರಿಯಲ್ಲಿ ಒಂದು ಉದ್ದ ಕೋಣೆ. ಅಧಿಕಾರಿ ಕೆಟ್ಟವರಲ್ಲ, ಇದನ್ನು ಒತ್ತಿ ಹೇಳುತ್ತೇನೆ. ನಮ್ಮನ್ನೆಲ್ಲ ಕೂರಿಸಿದರು, ಕೂರಲು ಜಾಗವಿಲ್ಲದವರಿಗೆ ಪಕ್ಕದ ಕೋಣೆಯಿಂದ ಬೆಂಚು ತರಿಸಿದರು. ಆಮೇಲೆ ಕಡತ ತೆರೆದು, “ನಿಮ್ಮದು ಒಂದು ಮನವಿ ಬಂದಿದೆ. ಆಕ್ಷೇಪಣೆ ಅಂತ ಯಾವುದೂ ಬಂದಿಲ್ಲ. ಈಗ ಕೇಳ್ತಿದ್ದೀನಿ, ಸ್ವಾಧೀನಕ್ಕೆ ಯಾರದಾದರೂ ಆಕ್ಷೇಪಣೆ ಇದೆಯಾ?” ಎಂದರು.

“ಏನಿಲ್ಲ ಸ್ವಾಮಿ!”

ಒಂದೇ ಉಸಿರಿಗೆ, ಮೂವತ್ತು ನಲವತ್ತು ಗಂಟಲು. ಅಧಿಕಾರಿ ಪ್ರಶ್ನೆ ಮುಗಿಸಿ ತಲೆ ಎತ್ತುವುದಕ್ಕೂ ಬಿಡಲಿಲ್ಲ. ಅಯ್ಯೋ ಶಿವನೇ! ಯಾರೋ ಹೇಳಿಕೊಟ್ಟದ್ದಲ್ಲ, ಹೆದರಿಸಿದ್ದೂ ಅಲ್ಲ. ವೀಳ್ಯದ ದಿನದ ಅಭ್ಯಾಸ ತಾನಾಗಿ ಬಾಯಿಂದ ಬಂತು. ಮರ್ಯಾದಸ್ಥರು ಮರ್ಯಾದೆಯಾಗಿ ಉತ್ತರ ಕೊಟ್ಟೆವು ಎಂಬ ಸಮಾಧಾನ ಎಲ್ಲರ ಮುಖದಲ್ಲಿತ್ತು.

ಅಧಿಕಾರಿಗೇ ಗಾಬರಿಯಾಯಿತು. “ಯೋಚನೆ ಮಾಡಿ ಹೇಳಿ. ಇಷ್ಟವಿಲ್ಲದಿದ್ದರೆ ಕೊಡಲ್ಲ ಅನ್ನಬಹುದು. ನಾನು ಬರ್ಕೋತೀನಿ.”

“ನಮ್ದೇನೈತೆ ಸ್ವಾಮಿ, ಸಾಹೇಬ್ರು ನೋಡ್ಕೋತಾರೆ” ಎಂದರು ಯಜಮಾನರು.

ಆಗ ಹಿಂದಿನ ಬೆಂಚಿನಿಂದ ಒಂದು ದನಿ ಬಂತು: “ನಾ ಕೊಡಕಿಲ್ಲ.”

ಚಿಕ್ಕವ್ವ. ಎದ್ದು ನಿಂತಿದ್ದಳು. ಎಲ್ಲರೂ ತಿರುಗಿ ನೋಡಿದರು. “ಲೇ ಮೇಷ್ಟ್ರೇ, ಒಸಿ ಕೂರ್ಸ್ಲಾ ನಿಮ್ಮ ಚಿಕ್ಕವ್ವನ್ನ” ಎಂದು ಯಜಮಾನರು ಹಲ್ಲು ಕಚ್ಚಿ ಪಿಸುಗುಟ್ಟಿದರು.

“ಮುಂದೆ ಬನ್ನಿ ತಾಯಿ. ಏನು ಹೇಳ್ತೀರಿ?” ಎಂದರು ಅಧಿಕಾರಿ. ಅವಳು ಬೆಂಚಿನ ಸಂದಿಯಿಂದ ಬರತೊಡಗಿದಳು. ಇಡೀ ಊರಿನ ಕಣ್ಣು ನನ್ನ ಮೇಲಿತ್ತು. ಅವಳು ಮೇಜು ಮುಟ್ಟುವ ಮೊದಲೇ ನಾನು ಎದ್ದೆ.

“ಸಾರ್, ಇವರು ನಮ್ಮ ಚಿಕ್ಕಮ್ಮ. ಇವರಿಗೆ ಅಷ್ಟಾಗಿ ತಿಳಿಯಲ್ಲ. ಆಕ್ಷೇಪಣೆ ಅಂತಲ್ಲ ಸಾರ್, ಮನವಿ ಅಷ್ಟೇ.”

ಅಧಿಕಾರಿ ನನ್ನನ್ನು ನೋಡಿದರು. “ನೀವು ಏನು ಮಾಡ್ಕೊಂಡಿದ್ದೀರಿ?”

“ಶಿಕ್ಷಕ ಸಾರ್.”

ಅವರು ತಲೆಯಾಡಿಸಿದರು. ಪಕ್ಕದ ಗುಮಾಸ್ತರು ಏನನ್ನೋ ಬರೆದುಕೊಂಡರು. ಚಿಕ್ಕವ್ವ ಅರ್ಧ ದಾರಿಯಲ್ಲಿ ನಿಂತವಳು ಅಲ್ಲಿಂದಲೇ ವಾಪಸು ಹೋಗಿ ಕೂತಳು. ಬಸ್ಸಿನಲ್ಲಿ ಅವಳು ಮಾತಾಡಿದ್ದು ಹುಳದ ಬಗ್ಗೆ ಮಾತ್ರ.

ಆಮೇಲೆ ಆಗಬೇಕಾದದ್ದೇ ಆಯಿತು. ಅಂತಿಮ ಅಧಿಸೂಚನೆಯಲ್ಲಿ ನಮ್ಮೂರಿನ ಸರ್ವೆ ನಂಬರುಗಳೆಲ್ಲ ಸಾಲಾಗಿ ಬಂದವು. ಮತ್ತೆ ಟೆಂಪೋ, ಮತ್ತೆ ಹಾರ. ಸಾಹೇಬ್ರು ನಿಜವಾಗಿಯೂ ಬೇಜಾರು ಮಾಡಿಕೊಂಡರು. “ನೀವೇ ಆಕ್ಷೇಪಣೆ ಇಲ್ಲ ಅಂದ್ರಂತಲ್ರಪ್ಪಾ, ನಾನೇನ್ ಮಾಡ್ಲಿ?” ಎಂದರು. ವಾಪಸು ಬರುವಾಗ ನಮ್ಮ ಜನ ಆಡಿಕೊಂಡದ್ದು, “ಪಾಪ, ಅವ್ರಾದ್ರೂ ಏನ್ ಮಾಡಾರು?” ಎಂದು. ನಾನು ಟೆಂಪೋದಿಂದ ಹಾರಿಬಿಡಬೇಕೆನ್ನುವಷ್ಟು ಸಿಟ್ಟು ಬಂತು. ಆರು ತಿಂಗಳಿಗೆ ನಮ್ಮೂರ ಬಾಗಿಲಲ್ಲೇ ಬ್ಯಾನರು ಬಂತು, ಕೈಗಾರಿಕೆ ಕೊಡಿಸಿದ ಸಾಹೇಬರಿಗೆ ಊರವರ ವಂದನೆಗಳು ಎಂದು.

ಇದೆಲ್ಲ ಹಣೆಬರಹ ಎಂದುಕೊಂಡು ಸುಮ್ಮನಾಗುತ್ತಿದ್ದೆನೋ ಏನೋ. ಆದರೆ ಮಾಗಡಿ ಕಡೆಯ ಇನ್ನೊಂದು ಹಳ್ಳಿಯಲ್ಲಿ ಕುರಿ ಸಾಕುವ ಒಬ್ಬ ಮನುಷ್ಯನಿಗೂ ಅಂಥದೇ ನೋಟೀಸು ಬಂದಿತ್ತೆಂದು ಆಮೇಲೆ ತಿಳಿಯಿತು. ಊರಿನವರಿಗೆಲ್ಲ ಅವನು ಜಗಳಗಂಟ. ಯಾರನ್ನೂ ಕೇಳದೆ ಎರಡು ಸಾಲು ಬರೆಸಿ ಹಾಕಿದ್ದನಂತೆ: ನನ್ನ ಆಕ್ಷೇಪಣೆ ಇದೆ, ನಾನು ಜಮೀನು ಕೊಡುವುದಿಲ್ಲ, ಕುರಿ ಮೇಯಿಸಲು ಬೇರೆ ಜಾಗವಿಲ್ಲ. ಅವನನ್ನು ಕರೆದರು, ಕೇಳಿದರು, ಕೈಗಾರಿಕಾ ಪ್ರದೇಶದ ಅಂಚಿನಲ್ಲಿದ್ದ ಅವನ ಜಮೀನನ್ನು ಕೈಬಿಟ್ಟರು. ಎಲ್ಲರಿಗೂ ಹೀಗೇ ಆಗುತ್ತಿತ್ತೆಂದು ನಾನು ಹೇಳುವುದಿಲ್ಲ. ಚಿಕ್ಕವ್ವನ ತೋಟವೂ ಅಂಚಿನಲ್ಲೇ ಇತ್ತು, ಅಷ್ಟು ಮಾತ್ರ ಹೇಳುತ್ತೇನೆ.

ಆ ವರ್ಷ ಸಂವಿಧಾನದ ಪಾಠ ಬಂದಾಗ ಮಕ್ಕಳಿಗೆ ಪುಸ್ತಕ ನೋಡಿ ಓದಿಕೊಳ್ಳಿ ಎಂದು ಹೇಳಿ ಕುರ್ಚಿಯಲ್ಲಿ ಕೂತೆ. ಪುಸ್ತಕದಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಸರ್ಕಾರ ನೋಟೀಸು ಕೊಟ್ಟಿತ್ತು, ಮೂವತ್ತು ದಿನ ಕೊಟ್ಟಿತ್ತು, ಬೆಂಚು ಹಾಕಿ ಕೂರಿಸಿ ಎರಡೆರಡು ಸಲ ಕೇಳಿತ್ತು. ಹಕ್ಕು ಪೂರ್ತಿಯಾಗಿ ಇತ್ತು. ಕೊಡಕಿಲ್ಲ ಅನ್ನುವ ಬಾಯಿ ನಮಗಿರಲಿಲ್ಲ. ಇದ್ದ ಒಂದು ಬಾಯಿಯನ್ನು ನಾವೇ ಮುಚ್ಚಿಸಿದೆವು. ನಾವೇ ಏನು, ನಾನೇ.

ತೋಟಕ್ಕೆ ಕಲ್ಲು ನೆಡುವ ಮೊದಲು ಚಿಕ್ಕವ್ವ ನನ್ನನ್ನು ಹೇಳಿಕಳಿಸಿ ಕರೆಸಿಕೊಂಡಳು. ವಿಚಾರಣೆಯ ನಡಾವಳಿಯ ನಕಲು ಪ್ರತಿಯನ್ನು ಕಚೇರಿಗೆ ತಾನೇ ಹೋಗಿ, ಅರ್ಜಿ ಬರೆಸಿ, ತಂದಿಟ್ಟುಕೊಂಡಿದ್ದಳು. ಯಾರ ಕೈಲೂ ಹೇಳಿಸಿರಲಿಲ್ಲ.

“ಓದು. ಅವತ್ತು ನಾ ಕೊಡಕಿಲ್ಲ ಅಂದ್ನಲ್ಲ, ಅದ ಬರ್ದವ್ರಾ ನೋಡು.”

ಅಂಗಳದಲ್ಲಿ ಕೂತು ಹುಡುಕಿದೆ. ಮೂರನೇ ಪುಟದಲ್ಲಿ ಅವಳ ಹೆಸರಿತ್ತು, ಮುಂದೆ ಸರ್ವೆ ನಂಬರು, ಅದರ ಮುಂದೆ ಒಂದೇ ವಾಕ್ಯ. ಬೇರೇನನ್ನೋ ಓದಿಬಿಡಬಹುದಾಗಿತ್ತು, ಅವಳಿಗೆ ತಿಳಿಯುತ್ತಿರಲಿಲ್ಲ. ಒಂದು ಕ್ಷಣ ಹಾಗೆಂದುಕೊಂಡೆ ಕೂಡ. ಆದರೆ ಅವಳ ಬೆರಳು ಆಗಲೇ ತನ್ನ ಹೆಸರಿನ ಮೇಲೆ ಬಂದು ಕೂತಿತ್ತು. ಓದಿದೆ.

“ಖಾತೆದಾರರ ಪರವಾಗಿ ಹಾಜರಿದ್ದ ಅವರ ಸಂಬಂಧಿ, ಶಿಕ್ಷಕರು, ಆಕ್ಷೇಪಣೆ ಇಲ್ಲವೆಂದು ತಿಳಿಸಿರುತ್ತಾರೆ.”

“ನಾನಂದಿದ್ದು?”

“ಇಲ್ಲ ಚಿಕ್ಕವ್ವ.”

“ನೀನಂದಿದ್ದು ಐತೆ.”

“ಹೂಂ.”

ಅವಳು ಕಾಗದವನ್ನು ನನ್ನ ಕೈಯಿಂದ ತಗೊಂಡು ಮಡಿಕೆ ಕೆಡದ ಹಾಗೆ ಮಡಿಸಿದಳು. ಬೈದಿದ್ದರೆ ಬದುಕುತ್ತಿದ್ದೆ.

“ಓದಿದ್ದೀಯ ಅಂತ ಕರ್ಕಂಡೋದೆ ಕಣ್ಲಾ ನಿನ್ನ” ಎಂದಳು. “ನಾನೊಬ್ಳೇ ಹೋಗಿದ್ರೆ ಆಗೋಗ್ತಿತ್ತು.”